ಸಿಗದ ಚಿಮಣಿ ಎಣ್ಣೆಯ ದರ

ಈ ತಿಂಗಳು ಹಣದುಬ್ಬರ ಇಷ್ಟು ಅಂತ ಟಿವಿಯಲ್ಲಿ ಹೇಳತೊಡಗಿದರೆ ನಾನು ಎದ್ದು ಅಡಿಗೆಮನೆಗೆ ಹೋಗಿಬಿಡುತ್ತೇನೆ. "ನಿನ್ನ ಹಳೇ ನೌಕರಿ ಸುದ್ದಿ ಬಂತು ನೋಡು, ಕೇಳು ಬಾ" ಅಂತ ನಮ್ಮ ಮನೆಯವರು ಬೇಕಂತಲೇ ಕೂಗುತ್ತಾರೆ. ನಾನು ಕೇಳುವುದಿಲ್ಲ. ಆ ಅಂಕಿ ಯಾವ ಅಂಗಡಿಯ ಕಟ್ಟೆಯಿಂದ ಹೊರಡುತ್ತದೆ, ಯಾರ ಟೇಬಲ್ಲಿನ ಮೇಲೆ ಅದರ ಕೈಕಾಲು ಮುರಿಯುತ್ತಾರೆ ಅನ್ನುವುದು ನನಗೆ ಗೊತ್ತು. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ. ಈಗ ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಓದಲಿ ಅಂತ ಬರೆಯುತ್ತಿದ್ದೇನೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಅನ್ನುವುದು ಪಿಂಚಣಿ ಕಾಗದದಲ್ಲಿದೆ, ಇಲ್ಲಿ ಬೇಡ.

ಎಪ್ಪತ್ತರ ದಶಕದಲ್ಲಿ ನಾನು ದರ ಬರೆದುಕೊಳ್ಳುವ ಕೆಲಸಕ್ಕೆ ಸೇರಿದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು, ಈ ನಾಲ್ಕು ಊರಿನ ಪೇಟೆಗೆ ಪ್ರತಿ ತಿಂಗಳು ಹೋಗಬೇಕು. ಜೋಳ, ಬೇಳೆ, ಶೇಂಗಾ ಎಣ್ಣೆ, ಸಕ್ಕರೆ, ಚಹಾಪುಡಿ, ಚಿಮಣಿ ಎಣ್ಣೆ ಅಂದರೆ ಸೀಮೆಎಣ್ಣೆ, ಸೀರೆ, ಚಪ್ಪಲಿ, ಕ್ಷೌರದ ದರದವರೆಗೆ ಬರೆದುಕೊಂಡು ಬರಬೇಕು. ಆ ದರಗಳನ್ನು ಕೂಡಿಸಿ ಮೇಲಿನವರು ಒಂದು ಸೂಚ್ಯಂಕ ತೆಗೆಯುತ್ತಿದ್ದರು. ಅದು ಏರಿದರೆ ಕೂಲಿಯವರ ತುಟ್ಟಿಭತ್ಯೆ ಏರುತ್ತದೆ, ಏರದಿದ್ದರೆ ಇಲ್ಲ. ಸೇರಿದ ದಿನ ಇದನ್ನು ನನಗೆ ಯಾರೂ ಹೇಳಲಿಲ್ಲ. "ಹೆಣ್ಣುಮಗಳು, ಪ್ಯಾಟಿ ತಿರುಗಾಕ ಆಗ್ತದೇನು?" ಅಂತ ಮಾತ್ರ ಕೇಳಿದರು. ನಮ್ಮ ಮನೆಯ ಸಂತೆ ಮೊದಲಿಂದ ಮಾಡುತ್ತಿದ್ದವಳು ನಾನೇ ಅಂತ ಹೇಳಿದೆ. ನಕ್ಕರು.

ಮೊದಲ ತಿಂಗಳು ಬಾಗಲಕೋಟೆಯ ಪೇಟೆಯಲ್ಲಿ ಗುರಪ್ಪಣ್ಣನ ಕಿರಾಣಿ ಅಂಗಡಿಗೆ ಹೋದೆ. ದಪ್ಪ ಮನುಷ್ಯ, ಹಣೆ ತುಂಬ ವಿಭೂತಿ. ನನ್ನ ಕೈಯಲ್ಲಿದ್ದ ಸರ್ಕಾರಿ ಚೀಲ ನೋಡಿದವನೇ ಎದ್ದು ನಿಂತ.

"ಸಕ್ರಿ ಹೆಂಗ್ರಿ ಕಿಲೋ?"

"ಸರ್ಕಾರ ಹೇಳಿದ ದರಾನ ರೀ ಬಾಯಾರ. ಒಂದು ಪೈಸಾ ಹೆಚ್ಚಿಲ್ಲ."

ಎಲ್ಲಾ ಅಂಗಡಿಯಲ್ಲೂ ಇದೇ ಪಾಠ. ಅವರ ಪ್ರಕಾರ ಬಾಗಲಕೋಟೆಯಷ್ಟು ಸಸ್ತಾ ಊರು ಈ ದೇಶದಲ್ಲೇ ಇರಲಿಲ್ಲ. ಅವರು ನನ್ನನ್ನು ಸಪ್ಲಾಯ್ ಆಫೀಸಿನವಳು, ಹೆಚ್ಚು ದರಕ್ಕೆ ಮಾರುವವರ ಮೇಲೆ ದಾಳಿ ಮಾಡಲು ಬಂದವಳು ಅಂತ ತಿಳಿದಿದ್ದರು. ಮರುವಾರ ಚೀಲ ಮನೆಯಲ್ಲಿಟ್ಟು, ಮುಖ ಮರೆಯಾಗುವಂತೆ ಸೆರಗು ಹೊದ್ದು, ಕೈಯಲ್ಲಿ ಸಂತೆಯ ಬುಟ್ಟಿ ಹಿಡಿದು ಗಿರಾಕಿಗಳ ನಡುವೆ ಹೋದೆ. ಗುರಪ್ಪಣ್ಣ ಬೇರೆಯದೇ ದರ ಹೇಳಿದ. ಸಾಮಾನು ತೆಗೆದುಕೊಂಡ ಮೇಲೆ ನಾನು ಯಾರು ಅಂತ ಹೇಳಿದೆ. ಆತ ಬೆವತುಬಿಟ್ಟ.

"ಗುರಪ್ಪಣ್ಣ, ನಾ ಹಿಡಿಯಾಕ ಬಂದಾಕಿ ಅಲ್ಲ. ನೀವು ಖರೇ ದರ ಹೇಳ್ರಿ. ನಿಮ್ಮ ಹೆಸರು ಸಪ್ಲಾಯ್ ಆಫೀಸಿನ ಬಾಗಿಲಕ್ಕ ಹೋಗದಂಗ ನಾ ನೋಡ್ಕೋತೇನಿ."

"ಮಾತು ಕೊಡ್ತೀರೇನ್ರಿ?"

"ಕೊಡ್ತೇನಿ."

ಅವತ್ತಿನಿಂದ ಆತ ನನಗೆ ಸುಳ್ಳು ದರ ಹೇಳಲಿಲ್ಲ. ಬೇರೆ ಅಂಗಡಿಯವರೂ ಆತನನ್ನು ನೋಡಿ ಬಾಯಿ ಬಿಟ್ಟರು.

ಹುನಗುಂದದ ಕತೆ ಬೇರೆ. ನನಗಿಂತ ಮುಂಚೆ ಇದ್ದವನು ಸಂಗಪ್ಪನ ಕಿರಾಣಿ ಅಂಗಡಿ ಅಂತ ಬರೆದಿಟ್ಟಿದ್ದ. ಬಿಸಿಲಲ್ಲಿ ಹುಡುಕಿಕೊಂಡು ಹೋದರೆ ಆ ಜಾಗದಲ್ಲಿ ಒಬ್ಬ ಸೈಕಲ್ ಟ್ಯೂಬಿಗೆ ಪಂಕ್ಚರ್ ಹಚ್ಚುತ್ತ ಕೂತಿದ್ದ.

"ಯಾವ ಸಂಗಪ್ಪರಿ? ಆತ ತೀರಿಕೊಂಡು ಎಷ್ಟೋ ಕಾಲ ಆತು. ಮಕ್ಕಳು ಅಂಗಡಿ ಮುಚ್ಚಿ ಸೊಲ್ಲಾಪುರಕ್ಕ ಹೋದ್ರು."

ಸತ್ತ ಸಂಗಪ್ಪ ಹಿಂದಿನ ತಿಂಗಳಷ್ಟೇ ನಮ್ಮ ಕಚೇರಿಯಲ್ಲಿ ಬೆಲ್ಲದ ದರ ಸ್ವಲ್ಪ ಏರಿಸಿದ್ದ, ಉಪ್ಪಿನ ದರ ಇದ್ದಂತೆಯೇ ಇಟ್ಟಿದ್ದ. ನನ್ನ ಮುಂಚಿನವನು ಹುನಗುಂದದ ಬಸ್ಸು ಹತ್ತದೆ ಮನೆಯಲ್ಲಿ ಕೂತು ತಿಂಗಳು ತಿಂಗಳು ದರ ಬರೆದಿದ್ದ. ನಾನು ವಾಪಸು ಬಂದು ನಮ್ಮ ಅಧೀಕ್ಷಕರಿಗೆ ಹೇಳಿದೆ. ಅವರನ್ನು ಎಲ್ಲರೂ ರಾವಸಾಹೇಬರು ಅನ್ನುತ್ತಿದ್ದರು. ಬಿಳೀ ಅಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಮೇಜಿನ ಮೇಲೆ ಸದಾ ಎಲೆ ಅಡಿಕೆಯ ಡಬ್ಬಿ. ಅವರು ಎಲೆಗೆ ಸುಣ್ಣ ಸವರುತ್ತ ಹೇಳಿದರು: "ಆತ ಬರದ ದರಕ್ಕ ಮೇಲಿಂದ ಒಮ್ಮೆಯೂ ತಕರಾರು ಬಂದಿಲ್ಲ, ನೀಲಮ್ಮನೋರ. ಭಾಳ ಅಚ್ಚುಕಟ್ಟು ಮನುಷ್ಯ. ನೀವೂ ಹಂಗ ಮಾಡ್ರಿ."

ತಕರಾರು ಬರಲಿಲ್ಲ ಅನ್ನುವುದೇ ಅವರಿಗೆ ಒಳ್ಳೆಯ ಕೆಲಸದ ಗುರುತು. ನಾನು ಹುನಗುಂದದಲ್ಲಿ ಬೇರೆ ಅಂಗಡಿ ಹುಡುಕಿಕೊಂಡೆ. ಖರೇ ದರ ಬರೆದೆ. ಸಂಗಪ್ಪ ಸತ್ತ ಮೇಲೂ ಇಳಿಸಿ ಇಟ್ಟಿದ್ದ ದರಕ್ಕೆ ಹೋಲಿಸಿದರೆ ಅದು ಎಷ್ಟೋ ಮೇಲಿತ್ತು. "ಒಮ್ಮೆಲೇ ಇಷ್ಟು ಹೆಂಗ ಏರ್ತದರಿ?" ಅಂತ ನನ್ನನ್ನೇ ಕೇಳಿದರು, ನಾನೇ ತುಟ್ಟಿ ಮಾಡಿದಂತೆ.

ಇಳಕಲ್ಲಿನಲ್ಲಿ ಈರಣ್ಣನ ಸೀರೆ ಅಂಗಡಿ. ಬಡವರು ಉಡುವ ಸಾದಾ ನೂಲಿನ ಸೀರೆಯ ದರವನ್ನು ನಾನು ಅಲ್ಲಿ ಕೇಳುತ್ತಿದ್ದೆ. ತಿಂಗಳುಗಟ್ಟಲೆ ಅದರ ದರ ಅಲುಗಲಿಲ್ಲ. ನೂಲು ತುಟ್ಟಿಯಾಗಿದೆ ಅಂತ ಊರಿಗೆಲ್ಲ ಗೊತ್ತು, ಬಣ್ಣದ ದರ ಏರಿದೆ ಅಂತಲೂ ಗೊತ್ತು, ಸೀರೆ ಮಾತ್ರ ಹಾಗೇ ಇದೆ. ಒಂದು ದಿನ ನಾನು ಅಲ್ಲಿ ಕೂತಾಗ ಹಳ್ಳಿಯ ಹೆಂಗಸೊಬ್ಬಳು ಸೀರೆ ವಾಪಸು ಕೊಡಲು ಬಂದಳು.

"ಈರಣ್ಣ, ಕಚ್ಚಿ ಹಾಕಿದ್ರ ಸೆರಗು ತಲಿಗೆ ಬರೂದಿಲ್ಲ, ಸೆರಗು ಹೊತ್ಕೊಂಡ್ರ ಕಚ್ಚಿಗೆ ಸಾಲೂದಿಲ್ಲ. ನಾ ಏನು ಮಾಡ್ಲಿ ಹೇಳು."

"ಯವ್ವಾ, ನೀನ ದಪ್ಪ ಆಗೀದಿ."

"ಈ ಕಾಲದಾಗ ಯಾರೋ ದಪ್ಪ ಆಗ್ತಾರ?"

ನಾನು ಟೇಪು ತೆಗೆದು ಅಳೆದೆ. ಸೀರೆ ಒಂದು ಮೊಳದಷ್ಟು ಗಿಡ್ಡವಾಗಿತ್ತು. ಈರಣ್ಣ ತಲೆ ತಗ್ಗಿಸಿದ. "ಏನ್ ಮಾಡೂದ್ರಿ ಅಕ್ಕಾರ, ದರ ಏರಿಸಿದ್ರ ಮಂದಿ ಒಳಗ ಬರೂದಿಲ್ಲ. ಮಗ್ಗದವರಿಗೆ ಗಿಡ್ಡ ನೇಯ್ರಿ ಅಂತ ಹೇಳೀನಿ" ಅಂದ. ಆತನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನು ಸೀರೆಯ ಉದ್ದ ಕಡಿಮೆಯಾಗಿದೆ, ಲೆಕ್ಕ ಹಾಕಿದರೆ ದರ ಏರಿದಂತೆಯೇ ಅಂತ ಷರಾ ಬರೆದು ಕೊಟ್ಟೆ. ರಾವಸಾಹೇಬರು ಅದರ ಮೇಲೆ ಗೆರೆ ಎಳೆದರು.

"ದರ ಅದ ಅದ ಅಲ್ರಿ? ಬದಲಾವಣಿ ಎಲ್ಲದ?"

"ದರ ಅದ ಐತ್ರಿ. ಸೀರಿ ಅದ ಅಲ್ರಿ."

"ಹೆಂಗಸರ ಕಚ್ಚಿ ಅಳಿಯೋ ಇಲಾಖೆ ಅಲ್ರಿ ಇದು" ಅಂತ ಎಲ್ಲರೂ ಕೇಳುವಂತೆ ಅಂದರು. ಕಚೇರಿಯ ಗಂಡಸರು ನಕ್ಕರು. ನಾನು ಅಲ್ಲಿ ಒಬ್ಬಳೇ ಹೆಣ್ಣು. ಆ ನಗು ನನಗೆ ಇವತ್ತಿಗೂ ಕೇಳಿಸುತ್ತದೆ. ಈಗಿನವರಿಗೆ ಒಂದು ಮಾತು: ಬಿಸ್ಕಿಟ್ ಪುಡಿಕೆ, ಸೋಪಿನ ಬಿಲ್ಲೆ ಅದೇ ದರಕ್ಕೆ ಸಣ್ಣದಾಗುವುದನ್ನು ನೀವು ಯಂತ್ರದಲ್ಲಿ ಒತ್ತಿ ಕಳಿಸಲು ಈಗ ಒಂದು ಜಾಗ ಕೊಟ್ಟಿದ್ದಾರಂತೆ. ಒಳ್ಳೆಯದು. ನಮಗೆ ಆ ಜಾಗ ಇರಲಿಲ್ಲ, ಅಂಚಿನಲ್ಲಿ ಬರೆದರೆ ಬೈಗುಳ ತಿನ್ನಬೇಕಿತ್ತು.

ಎಂಬತ್ತರ ದಶಕ ಬರುವ ಹೊತ್ತಿಗೆ ಬಾದಾಮಿಯಲ್ಲಿ ಚಿಮಣಿ ಎಣ್ಣೆಯ ಗೋಳು ಶುರುವಾಯಿತು. ರೇಶನ್ ಅಂಗಡಿಯ ಮುಂದೆ ಹೆಂಗಸರು ಡಬ್ಬಿ ಸಾಲಾಗಿ ಇಟ್ಟು ಗೋಡೆಯ ನೆರಳಲ್ಲಿ ಕೂತಿರುತ್ತಿದ್ದರು. ಅಂಗಡಿಯ ಹಲಗೆಯ ಮೇಲೆ ಸರ್ಕಾರದ ದರ ಸುಣ್ಣದಲ್ಲಿ ಬರೆದಿತ್ತು. ಒಳಗೆ ಪೀಪಾಯಿ ಖಾಲಿ. ನಾಳೆ ಬರ್ರಿ ಅನ್ನುತ್ತಿದ್ದ ಅಂಗಡಿಯವ. ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ ಒಬ್ಬ ಅದೇ ಎಣ್ಣೆಯನ್ನು ಬಾಟಲಿಯಲ್ಲಿ ಮಾರುತ್ತಿದ್ದ, ಹಲಗೆಯ ದರಕ್ಕಿಂತ ದುಪ್ಪಟ್ಟಿಗೂ ಮಿಗಿಲು. ಒಲೆ ಹಚ್ಚಬೇಕಾದವರು, ದೀಪ ಹಚ್ಚಬೇಕಾದವರು ಅಲ್ಲೇ ಹೋಗಿ ಕೊಳ್ಳುತ್ತಿದ್ದರು. ನಾನು ಆ ಸಂದಿಯ ದರ ಬರೆದೆ.

ರಾವಸಾಹೇಬರು ಅದನ್ನು ಹೊಡೆದು ಹಾಕಿ ಹಲಗೆಯ ದರ ಬರೆದರು.

"ರೇಶನ್ ಅಂಗಡಿ ದರ ಇರೂತನಕ ಅದನ್ನ ಬರೀಬೇಕು. ನಿಯಮ ಅದ."

"ಎಣ್ಣಿನ ಇಲ್ರಿ ಅಲ್ಲೆ. ಎಷ್ಟೋ ದಿನದಿಂದ ಬಂದಿಲ್ಲ."

"ಎಣ್ಣಿ ಇಲ್ಲ. ದರ ಅದ ಅಲ್ರಿ?"

ನಾನು ಅವರ ಮುಖ ನೋಡಿದೆ. ಅವರು ತಮಾಷೆ ಮಾಡುತ್ತಿರಲಿಲ್ಲ. ಸಿಗದ ವಸ್ತುವಿಗೆ ದರ ಇರಬಹುದು ಅನ್ನುವುದು ಅವರಿಗೆ ಸರಳವಾಗಿ ಕಂಡಿತ್ತು. ಆ ತಿಂಗಳು ನಮ್ಮ ಕಚೇರಿಯ ಪ್ರಕಾರ ಬಾದಾಮಿಯ ಹೆಂಗಸರು ಖಾಲಿ ಪೀಪಾಯಿಯಿಂದ ಸರ್ಕಾರದ ದರಕ್ಕೆ ಎಣ್ಣೆ ಕೊಂಡು ಅಡಿಗೆ ಮಾಡಿದರು.

ನಾನಾಗ ಬಾಗಲಕೋಟೆಯ ಹಳೇ ಊರಿನಲ್ಲಿ, ಈಗ ಅಣೆಕಟ್ಟಿನ ಹಿನ್ನೀರಿನೊಳಗೆ ಹೋಗಿರುವ ಓಣಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಪಕ್ಕದ ಮನೆಯ ಹನುಮವ್ವ ಅರಳೆ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದಳು. ಸಂಜೆ ಬಂದಾಗ ತಲೆ ತುಂಬ ಅರಳೆ ಹತ್ತಿಕೊಂಡು ಮುದುಕಿಯಂತೆ ಕಾಣುತ್ತಿದ್ದಳು, ವಯಸ್ಸು ನನ್ನದೇ. ಗಂಡ ಹಮಾಲಿ, ಜೊತೆಗೆ ಅತ್ತೆ, ಮೂರು ಮಕ್ಕಳು. ಒಂದು ಸಂಜೆ ನೀರಿನ ನಲ್ಲಿಯ ಹತ್ತಿರ ಸಿಕ್ಕಳು.

"ಅಕ್ಕಾರ, ನೀವು ಸರ್ಕಾರದ ಕೆಲಸದಾಗ ಇದ್ದೀರಿ, ಒಂದು ಮಾತು ಕೇಳ್ತೇನಿ. ನಮ್ಮ ತುಟ್ಟಿಭತ್ತೆ ಈ ಸಲೆ ಏರೂದಿಲ್ಲಂತ. ಯಾಕ ಅಂತ ಕೇಳಿದ್ರ, ತುಟ್ಟಿನ ಆಗಿಲ್ಲಂತ ಅಂತಾರ ಗಿರಣ್ಯಾಗ."

"ಯಾರು ಹೇಳಿದ್ರು ತುಟ್ಟಿ ಆಗಿಲ್ಲಂತ?"

"ಸರ್ಕಾರದ ಮಂದಿ ಪ್ಯಾಟಿ ನೋಡಿ ಬರಕೊಂಡು ಹೋಗ್ಯಾರಂತ್ರಿ. ಆ ಮಂದಿ ನನ್ನ ಕೈಯಾಗ ಸಿಕ್ರ ಕೇಳಬೇಕಂತ ಮಾಡೇನಿ, ನಿಮ್ಮ ಮನಿಯಾಗ ಒಲಿ ಹಚ್ಚತೀರೋ ಇಲ್ಲೋ ಅಂತ."

ನನ್ನ ಕೊಡ ತುಂಬಿ ಹರಿಯುತ್ತಿತ್ತು. ನಾನು ನಲ್ಲಿ ನಿಲ್ಲಿಸಿ ಹೇಳಿದೆ.

"ಆ ಮಂದಿ ನಾನ, ಹನುಮವ್ವ."

ಆಕೆ ತನ್ನ ಕೊಡದತ್ತ ಬಾಗಿದಳು. "ನೀವೂ ಆ ಗುರಪ್ಪಣ್ಣನ ಅಂಗಡ್ಯಾಗ ಸಾಮಾನು ತರ್ತೀರಲ್ರಿ" ಅಂದಳು. ಅಷ್ಟೇ. ಕೊಡ ಎತ್ತಿಕೊಂಡು ಹೋದಳು.

ಮರುದಿನ ನಾನು ಕಚೇರಿಗೆ ಹೋಗಿ, ನಾನು ಕೊಟ್ಟ ದರ ಮತ್ತು ಮೇಲಕ್ಕೆ ಹೋದ ದರ ಎರಡನ್ನೂ ಕೇಳಿ ತೆಗೆಸಿ ನೋಡಿದೆ. ಚಿಮಣಿ ಎಣ್ಣೆಯೊಂದೇ ಅಲ್ಲ. ಜೋಳ, ಶೇಂಗಾ ಎಣ್ಣೆ, ಉಳ್ಳಾಗಡ್ಡಿ, ಯಾವುದು ಜಾಸ್ತಿ ಏರಿತ್ತೋ ಅದನ್ನೆಲ್ಲ ರಾವಸಾಹೇಬರು ಹಿಂದಿನ ತಿಂಗಳ ದರಕ್ಕೆ ತಂದು ನಿಲ್ಲಿಸಿದ್ದರು. ನಾನು ಅವರ ಮೇಜಿನ ಮುಂದೆ ನಿಂತು ಯಾಕೆ ಅಂತ ಕೇಳಿದೆ.

"ಏರಿಕಿ ಭಾಳಾದ್ರ ಮೇಲಿನವರು ಕಾರಣ ಕೇಳ್ತಾರ್ರಿ. ನಾಲ್ಕೂ ಊರಿಂದು, ಒಂದೊಂದು ಸಾಮಾನಿಂದು. ಯಾರು ಬರ್ಕೋತ ಕೂಡ್ಬೇಕು?"

"ಕಾರಣ ನಾ ಬರದು ಕೊಡ್ತೇನಿ."

"ನೀವು ಬರದ್ರ ಅದನ್ನ ನಾ ಓದಬೇಕಲ್ರಿ."

ಗಿರಣಿ ಮಾಲೀಕರ ಕಡೆಯಿಂದ ಲಂಚ ತಿಂದಿದ್ದರೆ ನನಗೆ ಅರ್ಥವಾಗುತ್ತಿತ್ತು. ಅವರು ಯಾರಿಂದಲೂ ಏನೂ ತೆಗೆದುಕೊಂಡವರಲ್ಲ. ಮಧ್ಯಾಹ್ನ ಊಟವಾದ ಮೇಲೆ ನಾಲ್ಕು ಸಾಲು ಕಾರಣ ಬರೆಯುವ ಬೇಸರಕ್ಕೆ ಸಾವಿರಾರು ಮನೆಯ ಒಲೆ ಆರಿಸಿದ್ದರು. ನನ್ನ ನೌಕರಿಯಲ್ಲಿ ನಾನು ಕಳ್ಳರನ್ನೂ ಕಂಡಿದ್ದೇನೆ. ಆದರೆ ಇವರ ಮೇಲೆ ಬಂದಷ್ಟು ಸಿಟ್ಟು ನನಗೆ ಯಾವ ಕಳ್ಳನ ಮೇಲೂ ಬಂದಿಲ್ಲ.

ಇನ್ನು ಮುಂದೆ ನಾನು ಬರೆದ ದರ ಹೊಡೆದು ಹಾಕಿದರೆ ಕೆಳಗೆ ಸಹಿ ಮಾಡುವುದಿಲ್ಲ ಅಂತ ಹೇಳಿಬಿಟ್ಟೆ. ಹಾಗೇ ಮಾಡಿದೆ. ನನ್ನ ಸಹಿ ಇಲ್ಲದ ಕಾಗದ ಮೇಲಕ್ಕೆ ಹೋಗತೊಡಗಿತು. ನನ್ನ ಕುರ್ಚಿ ವರಾಂಡಕ್ಕೆ ಬಂತು, ಅಲ್ಲಿ ಬೇಸಿಗೆಯಲ್ಲಿ ಕಬ್ಬಿಣದ ಕಂಬ ಮುಟ್ಟಿದರೆ ಕೈ ಸುಡುತ್ತಿತ್ತು. ನನ್ನ ಜೊತೆಯವರು ಚಹಾಕ್ಕೆ ಕರೆಯುವುದನ್ನು ಬಿಟ್ಟರು. ಮನೆಯಲ್ಲಿ ನಮ್ಮವರು, "ಒಂದು ಸಹಿ ಮಾಡಿದ್ರ ಏನು ಗಂಟು ಹೋಗ್ತೈತಿ?" ಅಂದರು. ಆ ವಾರ ಅವರ ಜೊತೆಗೂ ನಾನು ಮಾತಾಡಲಿಲ್ಲ.

ಸಹಿ ಇಲ್ಲದ ಕಾಗದ ಕಡೆಗೂ ಯಾರದೋ ಕಣ್ಣಿಗೆ ಬಿತ್ತು. ಬೆಂಗಳೂರಿನಿಂದ ಒಬ್ಬ ಹಿರಿಯ ಅಧಿಕಾರಿ ತಪಾಸಣೆಗೆ ಬಂದರು. ತೆಳ್ಳಗಿನ ಮನುಷ್ಯ, ದಪ್ಪ ಕನ್ನಡಕ, ಮೆಲ್ಲಗೆ ಮಾತು. ರಾವಸಾಹೇಬರು ಅವರನ್ನು ನೇರ ಗುರಪ್ಪಣ್ಣನ ಅಂಗಡಿಗೆ ಕರೆದುಕೊಂಡು ಹೋದರು, ನಾನು ಹಿಂದೆ ಹೋದೆ. ಸಕ್ಕರೆಯ ದರ ಎಷ್ಟು, ಎಣ್ಣೆಯ ದರ ಎಷ್ಟು ಅಂತ ಅಧಿಕಾರಿ ಕೇಳಿದರು. ಗುರಪ್ಪಣ್ಣ ಕೈ ಮುಗಿದು ಸರ್ಕಾರದ ದರ ಒಪ್ಪಿಸಿದ. ರಾವಸಾಹೇಬರ ಮುಖ ಅರಳಿತು.

"ನೋಡಿದಿರಾ ಅಮ್ಮ, ನಿಮ್ಮ ದರಕ್ಕೂ ಇವರು ಹೇಳಿದ್ದಕ್ಕೂ ಎಷ್ಟು ವ್ಯತ್ಯಾಸ ಇದೆ" ಅಂದರು ಅಧಿಕಾರಿ.

"ಸಾಹೇಬ್ರ, ಎದುರಿನ ಹೋಟೆಲಿನಾಗ ಒಂದು ಕಪ್ಪು ಚಹಾ ಕುಡೀರಿ. ಅಷ್ಟ ಸಾಕು" ಅಂದೆ.

ಮೂವರೂ ಹೋಟೆಲ್ಲಿನ ಒಳಗೆ, ಗುರಪ್ಪಣ್ಣನಿಗೆ ಕಾಣದಂತೆ ಬಾಗಿಲ ಮರೆಯ ಬೆಂಚಿನಲ್ಲಿ ಕೂತೆವು. ಓಣಿ ಇಕ್ಕಟ್ಟು, ಅಲ್ಲಿಗೆ ಅಂಗಡಿಯ ಮಾತು ನಿಚ್ಚಳ ಕೇಳುತ್ತಿತ್ತು. ಗಿರಣಿ ಬಿಡುವ ಹೊತ್ತು. ಹನುಮವ್ವನಿಗೆ ನಾನು ಬೆಳಿಗ್ಗೆ ಹೇಳಿದ್ದೆ, ಎಂದಿನಂತೆ ಅಂಗಡಿಗೆ ಹೋಗಿ ನಿನಗೆ ಬೇಕಾದ್ದು ತಗೋ ಅಂತ ಮಾತ್ರ. ಆಕೆ ತಲೆಯ ಅರಳೆ ಕೊಡವಿಕೊಳ್ಳುತ್ತ ಬಂದಳು. ಸಕ್ಕರೆ ಕೇಳಿದಳು, ಶೇಂಗಾ ಎಣ್ಣೆ ಕೇಳಿದಳು. ಗುರಪ್ಪಣ್ಣ ದರ ಹೇಳಿದ. ಅಧಿಕಾರಿ ಕೈಯಲ್ಲಿನ ಚಹಾದ ಬಸಿ ಕೆಳಗಿಟ್ಟರು.

"ಅಣ್ಣ, ಸರ್ಕಾರದ ದರ ಬ್ಯಾರೆ ಐತಂತಲ್ಲ?"

"ಸರ್ಕಾರದ ದರಕ್ಕ ಬೇಕಾದ್ರ ಸರ್ಕಾರದ ಕಡಿನ ಹೋಗಿ ತಗೋ ತಂಗಿ. ನನಗ ಸಿಕ್ಕದ್ದ ತುಟ್ಟಿ."

ಆಕೆ ಸಕ್ಕರೆ ಬೇಡ ಅಂದಳು. ಎಣ್ಣೆಯನ್ನು ಸಣ್ಣ ಬಾಟಲಿಯಲ್ಲಿ ತಳ ಮುಚ್ಚುವಷ್ಟು ಹಾಕಿಸಿಕೊಂಡು ಹೋದಳು.

ಅಧಿಕಾರಿ ಎದ್ದು ಓಣಿ ದಾಟಿದರು. ಗುರಪ್ಪಣ್ಣನ ಬಣ್ಣ ಇಳಿಯಿತು. "ಈತನ ಹೆಸರು ಬರೆದುಕೊಳ್ಳಿ. ಸರಬರಾಜು ಇಲಾಖೆಗೆ ಇವತ್ತೇ ತಿಳಿಸೋಣ" ಅಂದರು.

"ಅದು ಆಗೂದಿಲ್ರಿ" ಅಂದೆ ನಾನು.

"ಏನಮ್ಮ?"

"ಈತ ನನಗ ಪ್ರತಿ ತಿಂಗಳಾ ಖರೇ ದರ ಹೇಳ್ಯಾನ. ಹೆಸರು ಹೊರಗ ಹೋಗೂದಿಲ್ಲಂತ ನಾ ಮಾತು ಕೊಟ್ಟೀನಿ. ಈತನ್ನ ಹಿಡಿದ್ರ ನಾಳಿಂದ ಈ ಪ್ಯಾಟ್ಯಾಗ ಒಬ್ಬನೂ ನನಗ ಬಾಯಿ ಬಿಡೂದಿಲ್ಲ. ಆಮ್ಯಾಲೆ ರಾವಸಾಹೇಬ್ರು ಬರದದ್ದ ಖರೆ ಆಗ್ತೈತಿ. ಸುಳ್ಳು ದರ ಈತ ಬರದು ಕಳಿಸಿಲ್ಲ, ನಮ್ಮ ಆಫೀಸು ಕಳಿಸೈತಿ."

ನನ್ನ ದನಿ ಏರಿತ್ತು. ಅಕ್ಕಪಕ್ಕದ ಅಂಗಡಿಯವರು ಹೊರಗೆ ಬಂದು ನಿಂತಿದ್ದರು. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ರಾವಸಾಹೇಬರ ಕಡೆ ತಿರುಗಿ, ನೀವು ಯಾವ ದರ ಕಳಿಸಿದ್ದೀರಿ ಅಂತ ಕೇಳಿದರು.

"ನಿಯಮದ ಪ್ರಕಾರ, ಸರ್..."

"ನಿಯಮ ನಾನೂ ಓದಿದ್ದೇನೆ. ಸಿಗದ ಸರಕಿಗೆ ದರ ಬರೆಯಿರಿ ಅಂತ ಅದರಲ್ಲಿ ಎಲ್ಲೂ ಇಲ್ಲ."

ಗುರಪ್ಪಣ್ಣನ ಹೆಸರನ್ನು ಅವರು ಬರೆದುಕೊಳ್ಳಲಿಲ್ಲ. ಆದರೆ ಆತ ಬಹಳ ಕಾಲ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. "ನನ್ನ ಕುತ್ತಿಗಿ ಒಡ್ಡಿ ನಿಮ್ಮ ನ್ಯಾಯ ತೀರಿಸಿಕೊಂಡ್ರಿ ಬಾಯಾರ" ಅಂದ. ಆತ ಅಂದದ್ದರಲ್ಲಿ ತಪ್ಪೇನಿರಲಿಲ್ಲ. ದರ ಮಾತ್ರ ಖರೇ ಹೇಳುತ್ತಲೇ ಇದ್ದ.

ಸ್ವಲ್ಪ ದಿನಕ್ಕೆ ಆದೇಶ ಬಂತು. ರೇಶನ್ ಅಂಗಡಿಯಲ್ಲಿ ಸಾಮಾನು ಇಲ್ಲದಿದ್ದರೆ ಜನ ಕೊಳ್ಳುವ ದರವನ್ನೇ ಬರೆಯಬೇಕು, ದರ ತಿದ್ದಿದರೆ ತಿದ್ದಿದವರು ಸಹಿ ಹಾಕಬೇಕು. ನಮ್ಮ ಕಾಲದಲ್ಲಿ ಕೆಲಸದ ರೀತಿ ಬದಲಾಗಿದ್ದು ಅಂದರೆ ಇದೊಂದೇ, ನನ್ನ ಪ್ರಕಾರ. ರಾವಸಾಹೇಬರಿಗೆ ಬೇರೆ ಊರಿಗೆ ವರ್ಗವಾಯಿತು, ಮೇಲಿನ ಹುದ್ದೆಗೆ. ಬೀಳ್ಕೊಡುವ ದಿನ ಹಾರ ಹಾಕಿದರು. ನಾನು ಅವತ್ತು ಇಳಕಲ್ಲಿಗೆ ದರ ಬರೆಯಲು ಹೋದೆ.

ಆದೇಶ ಬಂದಾಗ ಅಧಿಕಾರಿಯನ್ನು ಫೋನಿನಲ್ಲಿ ಹಿಡಿದು ಕೇಳಿದ್ದೆ: ಹಿಂದಿನ ತಿಂಗಳುಗಳದ್ದು ಏನು ಮಾಡುತ್ತೀರಿ?

"ಪ್ರಕಟವಾದ ಅಂಕಿಯನ್ನು ಮತ್ತೆ ಮುಟ್ಟುವುದಿಲ್ಲ ಅಮ್ಮ. ಮುಟ್ಟಿದರೆ ಜನಕ್ಕೆ ನಮ್ಮ ಮೇಲೆ ನಂಬಿಕೆ ಹೋಗುತ್ತೆ."

"ಯಾವ ಜನಕ್ರಿ?" ಅಂದೆ.

ಅವರು ಒಳ್ಳೆಯ ಮನುಷ್ಯ. ಮೆಲ್ಲಗೆ ಫೋನು ಇಟ್ಟರು.

ಮುಂದೆ ಖರೇ ದರಗಳೇ ಮೇಲಿನ ಕಚೇರಿಗೆ ಹೋದವು, ಸೂಚ್ಯಂಕ ಏರಿತು, ಗಿರಣಿಯಲ್ಲಿ ತುಟ್ಟಿಭತ್ಯೆಯೂ ಏರಿತು. ಒಂದು ಬೆಳಿಗ್ಗೆ ಹನುಮವ್ವ ಕೆಲಸಕ್ಕೆ ಹೊರಟವಳು ನಮ್ಮ ಬಾಗಿಲಲ್ಲಿ ನಿಂತಳು.

"ಏರಿಸ್ಯಾರ್ರಿ ಅಕ್ಕಾರ."

"ಗೊತ್ತಾತು."

"ಹಿಂದಿಂದು?"

"ಹಿಂದಿಂದು ಬರೂದಿಲ್ಲ ಹನುಮವ್ವ. ಒಮ್ಮೆ ಬರದು ಹೊರಗ ಹಾಕಿದ ಮ್ಯಾಲ ಅದನ್ನ ತಿದ್ದೂದಿಲ್ಲಂತ."

ಆಕೆಗೆ ಸಿಟ್ಟು ಬರುತ್ತದೆ, ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಆ ದಿನದಾಗ ನಾವು ಎಣ್ಣಿ ಬಿಟ್ಟಿದ್ವಿ" ಅಂದಳು. "ಬ್ಯಾಳಿ ಬಿಟ್ಟಿದ್ವಿ. ನಮ್ಮತ್ತಿ ಒಂದೊತ್ತು ಊಟ ಬಿಟ್ಟು, ಹಸಿವಿಲ್ಲ ಅಂತಿದ್ಲು. ನೀವು ಕೊಂಡದ್ದರ ದರ ಬರಕೋತೀರಿ, ಖರೆ. ಕೊಳ್ಳದ ಬಿಟ್ಟದ್ದನ್ನ ಎಲ್ಲೆ ಬರಕೋತೀರಿ?"

ಬರೆದುಕೊಳ್ಳಲು ನಮಗೆ ಜಾಗವೇ ಇರಲಿಲ್ಲ. ಹಾಗಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗಿರಣಿಯ ಭೋಂಗಾ ಕೂಗಿತು. ತಡವಾದರೆ ಒಳಗೆ ಬಿಡುವುದಿಲ್ಲ. ಹನುಮವ್ವ ಸೆರಗು ಸಿಕ್ಕಿಸಿಕೊಂಡು ಓಣಿಯ ಉದ್ದಕ್ಕೂ ಓಡಿದಳು.